ಲಂಗರು ಬಿಡಿ ಎಂದವಳು ನಾನೇ

ಪ್ರೀತಿಯ ಮಾವನಿಗೆ,

ನಿಮ್ಮ ಮೊಂಡಿ ಮಾಡುವ ನಮಸ್ಕಾರಗಳು. ನಿನ್ನೆ ಸಂಜೆ ನೀವು ಅಡುಗೆಮನೆಯ ಬಾಗಿಲಲ್ಲೇ ನಿಂತು, ಅಮ್ಮನಿಗೆ ಕೇಳಿಸದ ಹಾಗೆ ಹೇಳಿಹೋದ ಮಾತಿಗೆ ಇದು ಉತ್ತರ. ಎದುರಿಗೇ ಹೇಳಬಹುದಿತ್ತು. ಆದರೆ ನೀವು ಎದುರಿಗಿದ್ದರೆ ನನ್ನ ತಲೆ ತಾನಾಗಿಯೇ ಹೂಂ ಎಂದು ಆಡಿಬಿಡುತ್ತದೆ, ಚಿಕ್ಕಂದಿನ ಅಭ್ಯಾಸ. ಅದಕ್ಕೇ ಬರೆಯುತ್ತಿದ್ದೇನೆ.

"ವಿಚಾರಣೇಲಿ ಕೇಳಿದ್ರೆ, ನಾನು ಸಲಹೆ ಕೊಟ್ಟೆ ಅಷ್ಟೇ ಅಂತ ಹೇಳ್ಬಿಡು. ಹಡಗು ಕ್ಯಾಪ್ಟನ್‌ದು, ತೀರ್ಮಾನಾನೂ ಕ್ಯಾಪ್ಟನ್‌ದು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ" ಎಂದಿರಿ. ಕೋಲು ನಾನು ಎಂಬುದು ಅರ್ಥವಾಯಿತು. ಆದರೆ ಮಾವ, ಆ ಕ್ಯಾಪ್ಟನ್ ಹಾವಲ್ಲ. ನಿಮ್ಮ ಈ ಉಪಾಯದಲ್ಲಿ ಸಾಯುವವರು ಮಾತ್ರ ಅವರೇ. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಕೊನೆಗಾಲದಲ್ಲಿ ಹಡಗು ಕೆಡಿಸಿದವರು ಎನಿಸಿಕೊಂಡು ಮನೆಗೆ ಹೋಗಬೇಕಾಗುತ್ತದೆ.

ಈ ಕೆಲಸದ ಹುಚ್ಚು ನನಗೆ ಹಿಡಿಸಿದವರು ನೀವೇ. ಪಕ್ಕದ ಮನೆಯಾಕೆ ಇವತ್ತಿಗೂ ನಾನು ವಿಮಾನ ಹಾರಿಸುತ್ತೇನೆ ಎಂದೇ ತಿಳಿದಿದ್ದಾಳೆ. ಬಂದರಿನ ಪೈಲಟ್ ಎಂದರೆ ಹೊರಗಿನಿಂದ ಬಂದ ಹಡಗನ್ನು ಹತ್ತಿ, ಇಲ್ಲಿಯ ನೀರಿನ ಸೆಳೆತ, ಮರಳುದಿಬ್ಬ ಗೊತ್ತಿಲ್ಲದ ಕ್ಯಾಪ್ಟನ್ ಪಕ್ಕದಲ್ಲಿ ನಿಂತು, ಹಡಗು ಕಟ್ಟುವ ಧಕ್ಕೆಯವರೆಗೆ ದಾರಿ ಹೇಳುವವಳು ಎಂದು ವಿವರಿಸಿದರೆ, "ಅಂದ್ರೆ ನೀನು ಓಡಿಸಲ್ವಾ?" ಎಂದು ಮುಖ ಸಣ್ಣದು ಮಾಡುತ್ತಾಳೆ. ನಿಯಮದಲ್ಲಿ ನಾವು ಓಡಿಸುವುದಿಲ್ಲ, ಸಲಹೆ ಕೊಡುತ್ತೇವೆ. ನಡೆಯುವುದೆಲ್ಲ ನಮ್ಮ ಬಾಯಿಂದಲೇ, ಎಡವಟ್ಟಾದ ದಿನ ಮಾತ್ರ ಅದು ಸಲಹೆ. ನೀವು ಪೈಲಟ್ ಆಗಿದ್ದ ದಿನಗಳನ್ನೇ ನೆನಪಿಸಿಕೊಳ್ಳಿ. ಹಡಗು ಸುಸೂತ್ರವಾಗಿ ಧಕ್ಕೆ ಸೇರಿದ ದಿನ ಚಪ್ಪಲಿ ಬಿಡುತ್ತಲೇ "ಇವತ್ತು ಆ ದೊಡ್ಡದನ್ನ ನಾನೇ ತಂದೆ ಕಣ್ರೇ" ಎನ್ನುತ್ತಿದ್ದಿರಿ. ಒಂದು ದಿನವಾದರೂ "ಸಲಹೆ ಕೊಟ್ಟು ಬಂದೆ" ಎಂದದ್ದುಂಟೇ?

ಆವತ್ತು ನಡೆದದ್ದನ್ನು ಹತ್ತು ಜನರ ಬಾಯಲ್ಲಿ ಕೇಳಿದ್ದೀರಿ. ನನ್ನ ಬಾಯಲ್ಲೂ ಒಮ್ಮೆ ಕೇಳಿ. ಗೋಧಿ ತುಂಬಿದ ಹಡಗು, ಬೆಳಗಿನ ಹೊತ್ತು, ಇಳಿತದ ನೀರು. ಧಕ್ಕೆ ಇನ್ನೇನು ಹತ್ತಿರ ಬಂತು ಎನ್ನುವಾಗ ಆಚೆ ದಡಕ್ಕೆ ಜನರನ್ನು ಸಾಗಿಸುವ ಬೋಟು ನಮ್ಮ ಮೂತಿಯ ಮುಂದೆಯೇ ಎಂಜಿನ್ ಕೆಟ್ಟು ನಿಂತಿತು. "ಲಂಗರು ಬಿಡಿ" ಎಂದೆ. ಕ್ಯಾಪ್ಟನ್ "ಎಂಜಿನ್ ಹಿಂದಕ್ಕೆ ಹಾಕಿದೀನಿ, ನಿಲ್ಲುತ್ತೆ" ಎಂದರು. ಬೇರೆ ಬಂದರಿನಲ್ಲಾಗಿದ್ದರೆ ನಿಲ್ಲುತ್ತಿತ್ತು. ಇಲ್ಲಿಯ ಇಳಿತ ಹಡಗನ್ನು ಹೇಗೆ ಎಳೆಯುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು. ಅದು ಗೊತ್ತಿರುವುದಕ್ಕೇ ತಾನೇ ನನ್ನನ್ನು ಹತ್ತಿಸಿಕೊಂಡದ್ದು! ಮತ್ತೊಮ್ಮೆ ಹೇಳಿದೆ. ಅವರು ಯೋಚಿಸುತ್ತ ನಿಂತರು. ನಾನು ಅವರ ಕೈಯಿಂದ ವಾಕಿಟಾಕಿ ಕಿತ್ತುಕೊಂಡು, ಮುಂಭಾಗದಲ್ಲಿದ್ದ ಅಧಿಕಾರಿಗೆ "ಬಿಡ್ರೀ ಲಂಗರು!" ಎಂದು ಕೂಗಿದೆ.

ಸರಪಳಿ ಗಡಗಡ ಇಳಿಯಿತು. ಹಡಗು ತಿರುಚಿಕೊಂಡು ಹಿಂಭಾಗ ಧಕ್ಕೆಗೆ ಬಡಿಯಿತು. ಕ್ರೇನಿನ ಕಾಲು ಸೊಟ್ಟಗಾಯಿತು, ಗೋಡೆ ಕುಸಿಯಿತು. ಬೋಟು ಮಾತ್ರ ನಮ್ಮ ಪಕ್ಕೆಯನ್ನು ಸವರಿಕೊಂಡು ಆಚೆ ತೇಲಿತು. ಮಕ್ಕಳನ್ನು ಎದೆಗವಚಿಕೊಂಡು ಹೆಂಗಸರು ಮೇಲೆ ನೋಡುತ್ತಿದ್ದರು. ಬೋಟಿನವನಂತೂ ಕೆಳಗಿನಿಂದ ನನ್ನ ವಂಶವನ್ನೆಲ್ಲ ಜಾಲಾಡಿಬಿಟ್ಟ. ಸೋದರಮಾವಂದಿರನ್ನೂ ಬಿಡಲಿಲ್ಲ, ನಿಮಗೂ ಪಾಲಿದೆ. ಬದುಕಿದ್ದಾನಲ್ಲ, ಬೈಯಲಿ ಬಿಡಿ ಎಂದುಕೊಂಡೆ.

ಅಲ್ಲಿಂದ ಶುರುವಾಯಿತು ನೋಡಿ ಸಲಹೆಗಾರರ ಜಾತ್ರೆ. ಹಡಗಿನ ಕಂಪನಿಗೊಬ್ಬ ಕಾನೂನು ಸಲಹೆಗಾರ, ವಿಮೆಯವರಿಗೊಬ್ಬ, ಬಂದರಿನ ಆಡಳಿತಕ್ಕೊಬ್ಬ. ಒಬ್ಬೊಬ್ಬರದೂ ಅಡ್ಡಗೋಡೆಯ ಮೇಲೆ ದೀಪ. ಕ್ಯಾಪ್ಟನ್‌ಗೆ ಅವರ ವಕೀಲರು ಬಾಯಿ ಬಿಡಬೇಡಿ ಎಂದಿದ್ದಾರಂತೆ. ಕಚೇರಿಯ ಮೆಟ್ಟಿಲಲ್ಲಿ ಎದುರಾದಾಗ ಅವರು ಆಚೀಚೆ ನೋಡಿ, "ಬೋಟಲ್ಲಿ ಮಕ್ಕಳಿದ್ರು, ಅಲ್ವೇನಮ್ಮಾ?" ಎಂದರು. ಹೌದು ಎಂದೆ. "ಸದ್ಯ" ಎಂದು ಕನ್ನಡಕ ಒರೆಸಿಕೊಳ್ಳುತ್ತ ಇಳಿದುಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ನನ್ನ ಕೈಯಲ್ಲಿ ಆಗದು ಮಾವ.

ಇನ್ನೊಂದು ಮಾತಿದೆ. ಇಷ್ಟು ವರ್ಷ ನಾವಿಬ್ಬರೂ ಅದನ್ನು ಮುಟ್ಟಿಲ್ಲ. ಅಪ್ಪನನ್ನು ಸೇರಿಸಿದ್ದ ಆಸ್ಪತ್ರೆಯ ಕಾರಿಡಾರು, ಬೆಂಚು ಕೂಡ ಇರಲಿಲ್ಲ, ಗೋಡೆಗೆ ಒರಗಿ ನಿಂತಿದ್ದೆವು. ಡಾಕ್ಟರು ಹೊರಗೆ ಬಂದು, "ಆಪರೇಷನ್ ಮಾಡಿದ್ರೂ ಕಷ್ಟ, ಬಿಟ್ರೂ ಕಷ್ಟ. ನಮ್ಮ ಸಲಹೆ ಹೇಳಿದೀವಿ, ತೀರ್ಮಾನ ನಿಮ್ದು" ಎಂದು ಕೈಗವಸು ಕಳಚುತ್ತ ನಿಂತರು. ವಕೀಲ ಚಿಕ್ಕಪ್ಪ ಕಿಟಕಿಯಾಚೆ ನೋಡತೊಡಗಿದರು. ಅಮ್ಮ ನಿಮ್ಮ ಕಡೆ ತಿರುಗಿ, "ಏನು ಮಾಡ್ಲಿ ಅಣ್ಣಾ?" ಎಂದು ಕೇಳಿದಳು. ಅಷ್ಟು ದೊಡ್ಡ ದೊಡ್ಡ ಹಡಗುಗಳಿಗೆ ದಾರಿ ಹೇಳಿದ ನೀವು, "ನಿನಗೆ ಹೇಗನ್ಸುತ್ತೋ ಹಾಗೆ ಮಾಡಮ್ಮಾ" ಎಂದಿರಿ. ಅಮ್ಮ ಮಾಡಿ ಎಂದಳು. ಅಪ್ಪ ಆಪರೇಷನ್ ಮೇಜಿನಿಂದ ಏಳಲಿಲ್ಲ. ಅಂದಿನಿಂದ ಅವಳು ಕಿಟಕಿಯ ಪರದೆಗೆ ಬಣ್ಣ ಆರಿಸುವುದಕ್ಕೂ ನನ್ನ ಮುಖ ನೋಡುತ್ತಾಳೆ.

ನಿಮ್ಮನ್ನು ದೂರುತ್ತಿಲ್ಲ ಎಂದು ಬರೆಯಹೊರಟೆ. ಸುಳ್ಳು ಯಾಕೆ, ದೂರುತ್ತಿದ್ದೇನೆ. ಅಪ್ಪ ಉಳಿಯುತ್ತಿರಲಿಲ್ಲವೇನೋ, ಅದು ನಿಮ್ಮ ಕೈಯಲ್ಲಿರಲಿಲ್ಲ. ಅಮ್ಮನನ್ನು ಒಂಟಿ ಮಾಡದೆ ಇರುವುದು ನಿಮ್ಮ ಕೈಯಲ್ಲಿತ್ತು. ಸಲಹೆಗಾರರೇ ಬೇಡ ಎನ್ನುವಷ್ಟು ತಲೆ ಕೆಟ್ಟಿಲ್ಲ ನನಗೆ, ನಾನೂ ಅದೇ ಅನ್ನ ತಿನ್ನುವವಳು. ಕಾಯಿಲೆ ಬಲ್ಲವರು, ಕಾನೂನು ಬಲ್ಲವರು, ನೀರು ಬಲ್ಲವರು ಗೊತ್ತಿದ್ದನ್ನು ಹೇಳಲೇಬೇಕು. ಆದರೆ ಹೇಳಿದ ಮೇಲೆ ಜಾರಿಕೊಳ್ಳಬಾರದು. ಕೈ ತೊಳೆದುಕೊಳ್ಳುವುದಕ್ಕೆ ಇಷ್ಟೊಂದು ಓದು, ಇಷ್ಟೊಂದು ಅನುಭವ ಯಾಕೆ ಬೇಕು?

ನಿನ್ನೆ ನೀವು ಅಷ್ಟು ಮೆಲ್ಲಗೆ ಮಾತಾಡಿದಿರಲ್ಲ, ಅಮ್ಮನಿಗೆ ಎಲ್ಲವೂ ಕೇಳಿಸಿತ್ತು. ನೀವು ಗೇಟು ದಾಟಿದ ಮೇಲೆ ಅವಳು ಒಲೆ ಆರಿಸಿ ಬಂದು ನನ್ನೆದುರು ಕೂತಳು. "ಅವತ್ತು ಆಸ್ಪತ್ರೇಲಿ ಯಾರಾದ್ರೂ ಒಬ್ರು, ಮಾಡು, ನಾನು ಹೇಳ್ತಿದೀನಿ ಅಂದಿದ್ರೆ ಸಾಕಿತ್ತು ಕಣೇ. ಅವರು ಹೇಗೂ ಹೋಗ್ತಿದ್ರು. ನಾನು ನಿದ್ದೆನಾದ್ರೂ ಮಾಡ್ತಿದ್ದೆ" ಎಂದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, "ನಾಡಿದ್ದು ಹೋಗಿ ನಿಜ ಹೇಳು. ಕೆಲಸ ಹೋದ್ರೆ ಹೋಗ್ಲಿ. ನಾನು ಹೇಳಿದ್ದು ಅಂತಾನೇ ಇರ್ಲಿ" ಎಂದಳು. ಮಾವ, ನಾನು ಅತ್ತುಬಿಟ್ಟೆ. ಅಪ್ಪ ಹೋದ ಮೇಲೆ ಅವಳು ತಾನಾಗಿ ತೆಗೆದುಕೊಂಡ ಮೊದಲ ತೀರ್ಮಾನ ಅದು.

ಹಾಗಾಗಿ ನಾಳೆ ವಿಚಾರಣೆಯಲ್ಲಿ, ಲಂಗರು ಬಿಡಲು ಹೇಳಿದವರು ಯಾರು ಎಂದು ಕೇಳಿದಾಗ ನಾನು ಎನ್ನುತ್ತೇನೆ. ಸಲಹೆಯೋ ಆಜ್ಞೆಯೋ ಎಂದರೆ ಆಜ್ಞೆ ಎನ್ನುತ್ತೇನೆ. ಮತ್ತೆ ಅಂಥ ಹೊತ್ತು ಬಂದರೆ ಮತ್ತೆ ಕಿತ್ತುಕೊಳ್ಳುತ್ತೇನೆ ಎಂದೂ ಹೇಳುತ್ತೇನೆ. ನೀವೂ ವಿಚಾರಣಾ ಸಮಿತಿಯ ಸಲಹೆಗಾರರಾಗಿ ಅಲ್ಲಿಯ ಮೇಜಿನಲ್ಲಿ ಕೂತಿರುತ್ತೀರಿ. ಸೋದರಸೊಸೆಯ ವಿಚಾರಣೆ, ನನ್ನನ್ನು ಇದರಿಂದ ಬಿಡಿ ಎಂದು ನೀವು ಕೇಳಿಕೊಂಡಿರಂತೆ. "ನೀವು ಬರೀ ಸಲಹೆಗಾರರು ತಾನೇ, ಪರವಾಗಿಲ್ಲ" ಎಂದರಂತೆ ಅಧ್ಯಕ್ಷರು. ಎಲ್ಲರೂ ಹೇಳಿದ್ದು ಮುಗಿದ ಮೇಲೆ ಅವರು ನಿಮ್ಮ ಕಡೆ ತಿರುಗುತ್ತಾರೆ. ಆಗ ದಯವಿಟ್ಟು "ತೀರ್ಮಾನ ನಿಮಗೆ ಬಿಟ್ಟದ್ದು" ಎನ್ನಬೇಡಿ. ನಾನು ಮಾಡಿದ್ದು ಸರಿ ಅನ್ನಿಸಿದರೆ ಸರಿ ಎನ್ನಿ. ತಪ್ಪು ಅನ್ನಿಸಿದರೆ ಇವಳ ಲೈಸೆನ್ಸ್ ಕಿತ್ತುಕೊಳ್ಳಿ, ನಾನು ಹೇಳುತ್ತಿದ್ದೇನೆ ಎಂದು ನನ್ನ ಮುಖ ನೋಡಿಯೇ ಹೇಳಿ. ಅಮ್ಮನೂ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾಳಂತೆ. ನಿಮ್ಮ ಬಾಯಿಂದ ಆ ಮಾತು ಅವಳು ಒಮ್ಮೆ ಕೇಳಲಿ.

ನಿಮ್ಮ ಆಯುಸ್ಸು, ಆರೋಗ್ಯ ಗಟ್ಟಿಯಾಗಿರಲಿ. ನನಗೆ ಸಲಹೆ ಬೇಡ, ಆಶೀರ್ವಾದವಿರಲಿ.

ಎಂದೆಂದಿಗೂ ನಿಮ್ಮ ಶಿಷ್ಯೆ,
ನಿಮ್ಮ ತಂಗಿಯ ಮಗಳು