ಮದುವೆಗಿಟ್ಟ ಪೀಪಾಯಿ

ಫುಮಾನೆ, ೧೪ ಮಾರ್ಚ್ ೧೯೫೯

ಪ್ರೀತಿಯ ತೆಕ್ಲಾ ಅಕ್ಕ,

ಪ್ರಭುವಿನ ದಯೆಯಿಂದ ನಾವೆಲ್ಲ ಕ್ಷೇಮ. ನಿಮ್ಮ ಮಠದಲ್ಲಿ ಈ ಸಲದ ಚಳಿ ಹೇಗಿತ್ತು? ನಿನ್ನ ಮೊಣಕಾಲು ಪ್ರಾರ್ಥನೆಗೆ ಬಗ್ಗುತ್ತದೆಯೇ? ಉತ್ತರ ತಡವಾಯಿತೆಂದು ಬೇಸರಿಸಬೇಡ. ಪೆನ್ನು ಹಿಡಿದಾಗಲೆಲ್ಲ ಏನು ಬರೆಯುವುದೆಂದು ತಿಳಿಯದೆ, ಎದ್ದು ಕೋಳಿಗಳಿಗೆ ಕಾಳು ಹಾಕಲು ಹೋಗುತ್ತಿದ್ದೆ.

ನಿವೇಸ್‌ಳ ಮದುವೆ ಈಸ್ಟರ್ ಕಳೆದ ಶನಿವಾರ. ಉಡುಪು ಸೊಂಟದ ಬಳಿ ಬಿಗಿಯಾಗಿದೆ, ನನ್ನ ಮಗಳು ಒಪ್ಪುವುದಿಲ್ಲ. ಅವಳ ಮದುವೆಗೆಂದೇ ನಮ್ಮ ಯಜಮಾನರು ಒಂದು ಪೀಪಾಯಿ ಸಿಹಿ ವೈನ್ ತೆಗೆದಿಟ್ಟಿದ್ದರು. ಅಟ್ಟದಲ್ಲಿ ಬಿದಿರ ತಟ್ಟಿಗಳ ಮೇಲೆ ಕಳೆದ ಕೊಯ್ಲಿನಿಂದ ಜನವರಿಯವರೆಗೆ ಒಣಗಿಸಿ, ಕೊಳೆತದ್ದನ್ನೆಲ್ಲ ನಾನೇ ಹೆಕ್ಕಿ ತೆಗೆದ ದ್ರಾಕ್ಷಿಯದು. ನಮ್ಮಪ್ಪನ ಕಾಲದಂತೆಯೇ ಈಗಲೂ, ರಸ ಉಕ್ಕಿ ಉಕ್ಕಿ ಸಿಹಿಯನ್ನೆಲ್ಲ ತಿಂದುಹಾಕುವ ಮೊದಲೇ ಬೇರೆ ಪೀಪಾಯಿಗೆ ಇಳಿಸಬೇಕು. ಯಾವಾಗ ಇಳಿಸಬೇಕೆಂಬುದನ್ನು ನಮ್ಮವರು ರುಚಿ ನೋಡಿಯೇ ಹೇಳುತ್ತಾರೆ. ಬೀದಿಯವರೂ ತಮ್ಮ ಪೀಪಾಯಿಗೆ ಅವರನ್ನೇ ಕರೆಯುತ್ತಾರೆ.

ಕಳೆದ ಭಾನುವಾರ ಪೂಜೆ ಮುಗಿಸಿ ಪಕ್ಕದ ಮನೆಯ ಒರೆಸ್ತೆ ಬಂದ. ನಮ್ಮವರು ಹೆಮ್ಮೆಯಿಂದ ಲೋಟ ತುಂಬಿ ಕೊಟ್ಟರು. ಒಂದು ಗುಟುಕು ಕುಡಿದವನು ನನ್ನ ಮುಖ ನೋಡಿದ.

"ಏನಯ್ಯಾ ಎವಾರಿಸ್ತೊ, ಮಗಳ ಮದುವೆಗೆ ಕಹಿ ಕುಡಿಸ್ತೀಯಾ? ಬೀಗರ ಮೇಲೆ ಅಷ್ಟೊಂದು ಸಿಟ್ಟಾ? ಇಳಿಸೋದೇ ಮರೆತೆಯೋ ಹೇಗೆ?"

"ಚುಟ್ಟ ಸೇದಿ ಸೇದಿ ನಿನ್ನ ನಾಲಿಗೆ ಸುಟ್ಟುಹೋಗಿದೆ. ಜೇನು ಕಣಯ್ಯಾ ಇದು."

"ಜೇನಾ? ಬಿಡು, ಆದ್ರೂ ಬಲು ಗಟ್ಟಿ ಮಾಲು. ವೆರೋನಾದವರು ಈಗ ಇಂಥ ಕಹಿ ವೈನಿಗೇ, ಅಮರೋನೆಗೇ, ಬಾಯಿ ಬಿಡ್ತಾರೆ. ಬೇಕಂತಲೇ ಮಾಡ್ದೆ ಅಂದ್ಬಿಡು."

ನಾನೂ ಕುಡಿದೆ. ಒಣಗಿದ ಚೆರ್ರಿಯ ರುಚಿ, ಕೊನೆಗೆ ಬಾದಾಮಿ ಸಿಪ್ಪೆಯ ಕಹಿ. ಕೆಟ್ಟಿಲ್ಲ ಅಕ್ಕ, ಚೆನ್ನಾಗಿಯೇ ಇದೆ. ಆದರೆ ಸಿಹಿ ಎಲ್ಲೂ ಇಲ್ಲ. ಹಾಗೆ ಹೇಳಿದ್ದಕ್ಕೆ ನಮ್ಮವರು ನಕ್ಕು, "ನೀನೂ ಅವನ ಜೊತೆ ಸೇರ್ಕೊಂಡ್ಯಾ ಜೆಲ್ಮಿರಾ?" ಅಂದರು. ನನ್ನ ನಾಲಿಗೆಯೇ ಕೆಟ್ಟಿತೋ ಎಂದು ನಿವೇಸ್‌ಗೂ ಕುಡಿಸಿದೆ. ಅವಳೂ ಮುಖ ಕಿವುಚಿದಳು.

ಇದು ಅವರ ತಮಾಷೆಯೋ, ಹಟವೋ, ತಪ್ಪಾಯಿತೆನ್ನಲು ನಾಚಿಕೆಯೋ? ಜನವರಿಯಲ್ಲಿ ಅವರಿಗೆ ಜ್ವರ ಬಂದು ಹೋದ ಮೇಲೆ ಒಮ್ಮೆಯೂ ಅಡುಗೆಮನೆಗೆ ಇಣುಕಿ "ಏನೇ ಅದು ಘಮ್ ಅನ್ನೋದು" ಎಂದು ಕೇಳಿದ ನೆನಪಿಲ್ಲ. ಜ್ವರವೇ ಅವರ ಮೂಗು, ನಾಲಿಗೆಯ ರುಚಿ ಕೊಂಡೊಯ್ದಿತೋ ಎಂದು ಒಮ್ಮೆ ಅನ್ನಿಸುತ್ತದೆ, ಮರುಕ್ಷಣ ನಾನೇ ಇಲ್ಲದ್ದನ್ನು ಕಟ್ಟುತ್ತಿದ್ದೇನೆ ಅನ್ನಿಸುತ್ತದೆ.

ಗುರುವಾರ ಸಂತ ಜೋಸೆಫರ ಹಬ್ಬ. ಮಾರನೆಯ ದಿನ ಒರೆಸ್ತೆಯ ಪೀಪಾಯಿಯ ರುಚಿ ನೋಡಲು ಒಪ್ಪಿಕೊಂಡುಬಿಟ್ಟಿದ್ದಾರೆ. ಅವನಿಗಿರುವುದು ಅದೊಂದೇ. ನಾನು ಬಾಯಿ ಬಿಟ್ಟರೆ ಗಂಡನ ಮಾನ ಹೋಗುತ್ತದೆ, ಸುಮ್ಮನಿದ್ದರೆ ನೆರೆಯವನ ಇಡೀ ವರ್ಷದ ದುಡಿಮೆ. ಯಾವುದು ಪಾಪ, ಅಕ್ಕ? ಪಾದ್ರಿಗಳನ್ನೇ ಕೇಳೋಣವೆಂದು ಹೋಗಿ ಪಾಪನಿವೇದನೆಗೆ ಮೊಣಕಾಲೂರಿದವಳು, ಕೋಳಿಗೆ ಬೈದದ್ದನ್ನು ಹೇಳಿ ಎದ್ದು ಬಂದೆ. ನೀನು ಓದಿದವಳು. ಗುರುವಾರದೊಳಗೆ ಎರಡು ಸಾಲು ಬರೆ.

ದೇವಮಾತೆ ನಿನ್ನನ್ನೂ ನಿನ್ನ ಮಠವನ್ನೂ ಸೆರಗಿನಲ್ಲಿಟ್ಟು ಕಾಯಲಿ.

ನಿನ್ನ ತಂಗಿ,
ಜೆಲ್ಮಿರಾ

ಮರೆಮಾಚಿ ಕಳಿಸಲು ಮನಸ್ಸಾಗದೆ ಇದನ್ನೂ ಬರೆಯುತ್ತಿದ್ದೇನೆ: ಇವತ್ತು ಬೆಳಿಗ್ಗೆ ಅವರ ಕಾಫಿಗೆ ಸಕ್ಕರೆಯ ಬದಲು ಉಪ್ಪು ಹಾಕಿದೆ, ಬೇಕೆಂದೇ. ಪೂರ್ತಿ ಕುಡಿದು ಮೀಸೆ ಒರೆಸಿಕೊಂಡು "ಚೆನ್ನಾಗಿದೆ ಕಣೇ" ಅಂದರು. ಮದುವೆಯಾದಾಗಿನಿಂದ ನಾನು ಏನು ಕೊಟ್ಟರೂ ಅವರು ಅಂದದ್ದು ಅದನ್ನೇ. ಉಪ್ಪೆಂದು ತಿಳಿಯಲೇ ಇಲ್ಲವೋ, ತಿಳಿದೂ ಕುಡಿದರೋ, ಕೇಳಲು ನನಗೆ ಬಾಯಿ ಬರಲಿಲ್ಲ.