ಐದನೆಯ ಹೆಸರು

ಹಿರಿಯೂರು
9 ಜುಲೈ 1989, ಭಾನುವಾರ

ಪ್ರೀತಿಯ ಮಲ್ಲಕ್ಕನಿಗೆ,

ನಿನ್ನ ವೀರಮ್ಮ ಮೇಡಂ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಮೂರು ವರ್ಷ ದಿನಾ ಬೆಳಿಗ್ಗೆ ಆರು ಗಂಟೆಗೆ ಮೈದಾನದಲ್ಲಿ ಎದುರಿಗೇ ಸಿಗುತ್ತಿದ್ದವಳಿಗೆ ಕಾಗದ ಬರೆಯುವ ಸಂದರ್ಭ ಬಂದಿರಲಿಲ್ಲ. ರಾಮಗಿರಿಯ ವಿಳಾಸವನ್ನು ನಮ್ಮ ತಂಡದ ಜಯಕ್ಕ ಕೊಟ್ಟಳು. ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಹೊಸ ಸೊಸೆಗೆ ಬಂದ ಕಾಗದವನ್ನು ಮನೆಯವರು ಮೊದಲು ಒಡೆದು ನೋಡುವುದು ನಮ್ಮ ಕಡೆ ಇದ್ದದ್ದೇ. ನಿನ್ನ ಯಜಮಾನರು ಜುಂಜಣ್ಣನವರು ಓದಿದರೂ ನನಗೆ ಬೇಸರವಿಲ್ಲ. ಅವರ ಒಪ್ಪಿಗೆಯಿಲ್ಲದೆ ಆಗುವ ಕೆಲಸವೂ ಅಲ್ಲ ಇದು.

ನಿನ್ನ ಮದುವೆಗೆ ಬರಲಾಗಲಿಲ್ಲ. ಮೇ ಹದಿನೆಂಟರಂದು ನನಗೆ ಶಿವಮೊಗ್ಗದಲ್ಲಿ ತರಬೇತಿ ಇತ್ತೆಂದು ಜಯಕ್ಕನ ಕೈಲಿ ಹೇಳಿ ಕಳಿಸಿದ್ದೆ. ನಿನಗೆ ತಲುಪಿರಬೇಕು.

ಈಗ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ವಿಷಯ. ಕಳೆದ ವರ್ಷ ವಲಯ ಪಂದ್ಯಗಳಲ್ಲಿ ಮೂರಕ್ಕೆ ಮೂರೂ ಸೋತೆವು. ಮೂರು ಪಂದ್ಯದಲ್ಲಿ ನಾವು ಗಳಿಸಿದ ಎಪ್ಪತ್ತೊಂದು ಅಂಕಗಳಲ್ಲಿ ನಲವತ್ತಾರು ನಿನ್ನವು. ಎಂಟು ಜನರ ಪೈಕಿ ಐವರು ಪಾಸಾಗಿ ಹೋದರು. ಉಳಿದವರು ಜಯಕ್ಕ, ಏಕನಾಥಮ್ಮ ಮತ್ತು ಕಾಲೇಜಿನ ಲೆಕ್ಕದ ಪ್ರಕಾರ ನೀನು.

ಹೊಸಬರನ್ನು ಹುಡುಕಲು ಜೂನ್ ತಿಂಗಳು ಪೂರ್ತಿ ಪ್ರವೇಶದ ಅರ್ಜಿ ಕೊಡುವ ಕಿಟಕಿಯ ಹತ್ತಿರ ನಿಂತಿದ್ದೆ. ಕಚೇರಿಯ ಬಾಗಿಲಿನ ಚೌಕಟ್ಟಿಗೆ ಐದು ಅಡಿ ನಾಲ್ಕು ಅಂಗುಲಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಅದರ ಮೇಲೆ ತಲೆ ಕಂಡವರನ್ನೆಲ್ಲ ಮಾತನಾಡಿಸಿದೆ. ಒಬ್ಬಳ ತಾಯಿ, ನಾಲ್ಕು ಜನರ ಮುಂದೆ ಮಗಳ ಎತ್ತರ ಹೇಳಬೇಡಿ, ಆಮೇಲೆ ಗಂಡು ಹುಡುಕುವವರು ನೀವಾ ಎಂದು ಬೈದು ಹೋದರು. ಹನ್ನೊಂದು ಮಂದಿ ನೋಡುತ್ತೇವೆ ಎಂದರು. ಬಂದವರು ಇಬ್ಬರು.

ಒಬ್ಬಳು ಹೊಸದುರ್ಗದ ದ್ಯಾಮಮ್ಮ. ಪ್ರೌಢಶಾಲೆಯಲ್ಲಿ ಖೋ ಖೋ ಆಡಿದವಳು. ಓಟಕ್ಕೆ ಯಾರೂ ಸಮವಿಲ್ಲ. ಆದರೆ ಚೆಂಡು ಕೈಗೆ ಬಂದ ಕೂಡಲೇ ಅದನ್ನು ಮರೆತು ಪಕ್ಕದವಳ ಬೆನ್ನಿಗೆ ತಟ್ಟುತ್ತಾಳೆ. ಮೊದಲ ವಾರ ಏಕನಾಥಮ್ಮನ ಬೆನ್ನು ಕೆಂಪಾಗಿತ್ತು. ಇನ್ನೊಬ್ಬಳು ಚಿತ್ರದುರ್ಗದ ಬರಗೇರಮ್ಮ, ಥ್ರೋಬಾಲ್‌ನವಳು. ಹಿಡಿದ ಚೆಂಡನ್ನು ಮೂರು ಸೆಕೆಂಡಿನೊಳಗೆ ಎಸೆದುಬಿಡಬೇಕೆಂಬುದು ಅವಳ ರಕ್ತದಲ್ಲೇ ಸೇರಿಕೊಂಡಿದೆ. ಎಲ್ಲಿಗೆ ಎಂಬುದು ಮುಖ್ಯವಲ್ಲ. ಮೊನ್ನೆ ಚೆಂಡು ಕಾಂಪೌಂಡ್ ದಾಟಿ ಹೋಗಿ, ನಮ್ಮ ಅಟೆಂಡರ್ ಪಾಪಣ್ಣ ರಸ್ತೆಯಲ್ಲಿ ಲಾರಿ ನಿಲ್ಲಿಸಿ ತರಬೇಕಾಯಿತು. ಆದರೂ ಇಬ್ಬರೂ ಬೆಳಿಗ್ಗೆ ನನಗಿಂತ ಮೊದಲೇ ಬಂದಿರುತ್ತಾರೆ. ಕಲಿಯುತ್ತಾರೆ.

ಹೀಗೆ ನಾಲ್ವರಾದರು. ಕಣಕ್ಕೆ ಇಳಿಯಲು ಐವರು ಬೇಕು. ಬುಧವಾರ ಪ್ರಾಂಶುಪಾಲರಾದ ಶಿವಕುಮಾರಪ್ಪನವರು ಕರೆಸಿದ್ದರು. ನನ್ನದು ತಾತ್ಕಾಲಿಕ ಹುದ್ದೆ ಎಂಬುದು ನಿನಗೆ ಗೊತ್ತು. ಹನ್ನೊಂದು ವರ್ಷದಿಂದ ಪ್ರತಿ ಜುಲೈಯಲ್ಲಿ ತಂಡದ ಪಟ್ಟಿ ನೋಡಿ ನನ್ನನ್ನು ಮುಂದುವರಿಸುವ ಆದೇಶವನ್ನು ಅವರು ಬರೆಯುತ್ತಾರೆ. ಈ ಸಲ ಪಟ್ಟಿಯನ್ನು ಹಾಗೇ ಹಿಂದಕ್ಕೆ ತಳ್ಳಿ, "ಐದು ಹೆಸ್ರು ತರ್ರಿ ಮೇಡಂ, ಆರ್ಡರ್ ಬರೀತೀನಿ. ನಾಲ್ಕು ಜನ ಇಟ್ಕೊಂಡು ಕೇರಂ ಆಡಿಸ್‌ಬಹುದು ಅಷ್ಟೆ" ಎಂದರು. ತಂಡದ ಅರ್ಜಿ ಜುಲೈ ಮೂವತ್ತೊಂದರೊಳಗೆ ವಿಶ್ವವಿದ್ಯಾಲಯಕ್ಕೆ ಹೋಗಬೇಕು.

ಐದನೆಯವಳು ನೀನೇ ಆಗಬಹುದು. ಹಾಜರಾತಿ ಕಡಿಮೆಯಾಗಿ ಪರೀಕ್ಷೆಗೆ ಕೂರದವರು ಅದೇ ತರಗತಿಗೆ ಮತ್ತೆ ಸೇರಲು ಈ ತಿಂಗಳ ಇಪ್ಪತ್ತರವರೆಗೆ ಅವಕಾಶವಿದೆ. ಸೇರಿದರೆ ನೀನು ಮತ್ತೆ ನಮ್ಮ ವಿದ್ಯಾರ್ಥಿನಿ, ಆಡಲು ಅಡ್ಡಿಯಿಲ್ಲ. ರಾಮಗಿರಿಯಿಂದ ಹಿರಿಯೂರಿಗೆ ದಿನಾ ಓಡಾಡುವುದು ಆಗದ ಮಾತು, ನನ್ನ ಕೋಣೆಯಲ್ಲೇ ಇರಬಹುದು. ಶನಿವಾರ ಮಧ್ಯಾಹ್ನ ಹೊರಟರೆ ದುರ್ಗ, ಹೊಳಲ್ಕೆರೆ ಮೇಲೆ ಕತ್ತಲಾಗುವುದರೊಳಗೆ ಮನೆ ಸೇರುತ್ತೀಯ. ಹುಡುಗರ ತಂಡದ ರಂಗಪ್ಪ ಐದು ವರ್ಷ ಬಿ.ಎ. ಓದಿದ್ದು ನಿನಗೂ ಗೊತ್ತು. ಅವನ ಮನೆಯವರು ಒಂದು ದಿನವೂ ಬಂದು ಕೇಳಲಿಲ್ಲ. ಒಂದು ವರ್ಷ ಹೆಚ್ಚಾದರೆ ಡಿಗ್ರಿಯ ಬೆಲೆ ಕಡಿಮೆಯಾಗುವುದಿಲ್ಲ.

ನಿನ್ನ ಹಾಜರಾತಿ ಯಾಕೆ ಕಡಿಮೆಯಾಯಿತೆಂದು ಜುಂಜಣ್ಣನವರಿಗೆ ತಿಳಿದಿರಲಾರದು. ನೀನು ತರಗತಿ ತಪ್ಪಿಸಿ ತಿರುಗಿದವಳಲ್ಲ. ಪಂದ್ಯಕ್ಕೆ ಹೋದ ದಿನಗಳನ್ನು ತರಗತಿಯಲ್ಲಿ ಗೈರುಹಾಜರಿ ಎಂದೇ ಹಾಕಿರುತ್ತಾರೆ. ಯಾರು ಯಾವ ದಿನ ಎಲ್ಲಿ ಆಡಿದರೆಂಬ ಪಟ್ಟಿಯನ್ನು ಮಾರ್ಚ್ ಮೂವತ್ತೊಂದರೊಳಗೆ ನಾನು ಕಚೇರಿಗೆ ಕೊಡಬೇಕು. ಕೊಟ್ಟರೆ ಆ ದಿನಗಳು ಹಾಜರಾತಿಗೆ ಸೇರುತ್ತವೆ. ನಿನ್ನವು ಇಪ್ಪತ್ತೆರಡು ದಿನ. ಸೇರಿದ್ದರೆ ನಿನಗೆ ಶೇಕಡಾ ಎಪ್ಪತ್ತೆಂಟು, ಸೇರದೆ ಅರವತ್ತೇಳು. ಎಪ್ಪತ್ತೈದಿಲ್ಲದವರಿಗೆ ಹಾಲ್ ಟಿಕೆಟ್ ಇಲ್ಲ. ಉಳಿದ ಹುಡುಗಿಯರು ಹೋದದ್ದು ಏಳೇ ದಿನ, ಅವರಿಗೆ ಪಟ್ಟಿಯ ಅಗತ್ಯವೇ ಬೀಳಲಿಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ಕ್ಯಾಂಪಿಗೆ ಹೋದವಳು ನೀನೊಬ್ಬಳೇ. ಆ ಪಟ್ಟಿ ಕಚೇರಿಗೆ ತಲುಪುವಾಗ ಏಪ್ರಿಲ್ ಮೂರು ಆಗಿತ್ತು. ತಡವಾಯಿತು. ಆ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ನಿಮ್ಮ ತಂದೆ ಏಪ್ರಿಲ್‌ನಲ್ಲಿ ಮೈದಾನಕ್ಕೆ ಬಂದಿದ್ದರು. ನಿನಗೆ ಹೇಳಿದರೋ ಇಲ್ಲವೋ. ಕಾಟಯ್ಯನವರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಪಾಪಣ್ಣ ಎಳೆದಿದ್ದ ಸುಣ್ಣದ ಗೆರೆಯ ಹೊರಗೇ ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಮೂರು ವರ್ಷದ ಹಿಂದೆ ಧರ್ಮಪುರದ ಬಸ್ಸಿಳಿದು ನಿಮ್ಮ ಮನೆಗೆ ಬಂದು ನಿನ್ನನ್ನು ಕಾಲೇಜಿಗೆ ಕಳಿಸಿ ಎಂದು ಕೇಳಿದ್ದು ನಾನೇ. ಆಗ ಅವರು ಮೂರು ವರ್ಷ ಎಂದಿದ್ದರು. ಆದರೆ ಮೊದಲನೇ ವರ್ಷದ ಕೊನೆಯಲ್ಲೂ ಸಾಕು ಎಂದರು, ಕಳಿಸಿದರು. ಎರಡನೇ ವರ್ಷದ ಕೊನೆಯಲ್ಲೂ ಸಾಕು ಎಂದರು, ಕಳಿಸಿದರು. ಹಾಗಾಗಿ ಅವರ ಸಾಕು ಎಂಬ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದನ್ನು ಬಿಟ್ಟಿದ್ದೆ.

ಆ ದಿನ ಅವರು ಜಗಳ ಮಾಡಲಿಲ್ಲ. ನಿಧಾನವಾಗಿ ಹೇಳಿದರು. "ಪಾಸಾದ್ರೆ ಇನ್ನೊಂದು ವರ್ಷ ಕಾಯ್ತೀನಿ, ಆಟದ ಮೇಷ್ಟ್ರಿಕೆ ಓದ್ಕಳ್ಲಿ ಅಂದಿದ್ದ ನನ್ನ ಬಾಮೈದ ಜುಂಜ. ಅವನ ಮಾತ್ನ ನಮ್ಮ ಜನ ಒಪ್ಪಿದ್ರು. ಈಗ ಪರೀಕ್ಷೆಗೇ ಕುಂತಿಲ್ಲ ಅಂದ್ರೆ ಕಾಯಾಕೆ ಏನೈತೆ, ನೀವೇ ಹೇಳ್ರಿ ಮೇಡಂ."

ನಿನ್ನನ್ನು ಸೋದರಮಾವನಿಗೇ ಕೊಡುವುದೆಂದು ಎಲೆ ಅಡಿಕೆ ಬದಲಾಯಿಸಿದ್ದು ನನಗೆ ಗೊತ್ತಿತ್ತು. ಪಾಸಾದರೆ ಬಿ.ಪಿ.ಎಡ್., ಇಲ್ಲದಿದ್ದರೆ ಆ ಬೇಸಿಗೆಯಲ್ಲೇ ಮದುವೆ ಎಂದು ನೀನು ಜುಂಜಣ್ಣನವರ ಹತ್ತಿರ ಮಾತು ಮಾಡಿಕೊಂಡಿದ್ದು ಗೊತ್ತಿರಲಿಲ್ಲ. ನನಗೆ ನೀನು ಹೇಳಿರಲಿಲ್ಲ. ಹೇಳಿದ್ದರೆ ಎಂದು ಈಗ ಬರೆಯುವುದು ಸರಿಯಲ್ಲ.

ಆದದ್ದು ಆಯಿತು. ಈ ಲಕೋಟೆಯಲ್ಲಿ ಎರಡು ಅರ್ಜಿ ಇಟ್ಟಿದ್ದೇನೆ. ಒಂದು ಮರುಪ್ರವೇಶದ್ದು, ಒಂದು ತಂಡದ್ದು. ತಂಡದ ಅರ್ಜಿಯ ಐದನೆಯ ಸಾಲಿನಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಸಹಿ ಹಾಕಿ ಹದಿನೆಂಟರೊಳಗೆ ತಲುಪುವಂತೆ ಅಂಚೆಗೆ ಹಾಕು. ಜುಂಜಣ್ಣನವರಿಗೆ ನನ್ನ ನಮಸ್ಕಾರ ತಿಳಿಸು. ಒಂದೇ ವರ್ಷ ಎಂದು ಹೇಳು.

ನಿನ್ನ ಒಳ್ಳೆಯದನ್ನೇ ಬಯಸುವ,
ವೀರಮ್ಮ ಮೇಡಂ

ತಾ.ಕ.: 11 ಜುಲೈ, ಮಂಗಳವಾರ

ಮಲ್ಲಕ್ಕ, ಕಾಗದ ಎರಡು ದಿನದಿಂದ ನನ್ನ ಚೀಲದಲ್ಲೇ ಇತ್ತು. ನಿನಗೆ ಕಳಿಸುವ ಮೊದಲು ಉಳಿದ ನಾಲ್ವರ ಸಹಿ ಹಾಕಿಸೋಣವೆಂದು ನಿನ್ನೆ ಬೆಳಿಗ್ಗೆ ತಂಡದ ಅರ್ಜಿಯನ್ನು ಮೈದಾನಕ್ಕೆ ಒಯ್ದಿದ್ದೆ. ಮೂವರು ಹಾಕಿದರು. ದ್ಯಾಮಮ್ಮ ಪೆನ್ನು ಹಿಡಿದುಕೊಂಡು ಐದನೆಯ ಸಾಲನ್ನು ನೋಡುತ್ತಾ ನಿಂತಳು. ಆಮೇಲೆ ಕೇಳಿದಳು: "ಚೆನ್ನಾಗಿ ಆಡಿದ್ರೆ ಪಾಸಾಗಾಕೆ ಬಿಡ್ತೀರಾ ಮೇಡಂ, ಇಲ್ಲಾ ನಂದೂ ಪಟ್ಟಿ ತಡ ಆಗ್ತೈತಾ?"

ಜಯಕ್ಕ ನೆಲ ನೋಡುತ್ತಿದ್ದಳು. ನನ್ನ ಬೆನ್ನ ಹಿಂದೆ ಇವರಿಗೆಲ್ಲ ಗೊತ್ತಿದೆ ಎಂಬುದು ನನಗೆ ಆಗ ಗೊತ್ತಾಯಿತು.

ಪಟ್ಟಿ ತಡವಾಗಿರಲಿಲ್ಲ. ಮಾರ್ಚ್ ಇಪ್ಪತ್ತಕ್ಕೇ ಟೈಪ್ ಮಾಡಿಸಿ ನನ್ನ ಮೇಜಿನ ಡ್ರಾಯರಿನಲ್ಲಿ, ಸೀಟಿಯ ಕೆಳಗೆ ಇಟ್ಟಿದ್ದೆ. ಆಫೀಸಿನವರು ಕೇಳುತ್ತಿದ್ದಾರೆಂದು ಪಾಪಣ್ಣ ಎರಡು ಸಲ ಬಂದ. ಕೊಡೋಣ ಇರು ಎಂದು ಕಳಿಸಿದೆ. ಗಡುವು ಮುಗಿದ ಮೇಲೆ, ಸೋಮವಾರ, ನಾನೇ ಒಯ್ದು ಕೊಟ್ಟೆ. ರಂಗಪ್ಪ ಐದು ವರ್ಷ ಉಳಿದದ್ದೂ ಹೀಗೆಯೇ. ಒಳ್ಳೆಯ ಆಟಗಾರರನ್ನು ಉಳಿಸಿಕೊಳ್ಳುವ ಈ ದಾರಿಯನ್ನು ನನಗಿಂತ ಮೊದಲಿದ್ದವರು ಕಂಡುಕೊಂಡಿದ್ದರು, ನಾನು ಮುಂದುವರಿಸಿದೆ. ಗಂಡುಮಕ್ಕಳ ಮನೆಯಲ್ಲಿ ಇನ್ನೊಂದು ವರ್ಷ ಆಡಿಕೊಂಡಿರಲಿ ಎನ್ನುತ್ತಾರೆ. ನಿನ್ನ ಮನೆಯಲ್ಲೂ ಹಾಗೇ ಎನ್ನುತ್ತಾರೆಂದು ಎಣಿಸಿದೆ. ಆ ನಲವತ್ತಾರು ಅಂಕ ಬಿಟ್ಟರೆ ಬೇರೆ ಏನನ್ನೂ ನಾನು ಎಣಿಸಿರಲಿಲ್ಲ.

ಶಿವಮೊಗ್ಗದಲ್ಲಿ ತರಬೇತಿ ಇರಲಿಲ್ಲ. ನಿನ್ನ ಮದುವೆಯ ದಿನ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಧರ್ಮಪುರದ ಮೂರು ಬಸ್ಸುಗಳನ್ನು ಹೋಗಲು ಬಿಟ್ಟು ಕೋಣೆಗೆ ವಾಪಸ್ಸು ಬಂದೆ.

ನಿನ್ನೆ ಮಧ್ಯಾಹ್ನ ಇದಿಷ್ಟನ್ನೂ ಬರೆದು ಶಿವಕುಮಾರಪ್ಪನವರ ಮುಂದೆ ಇಟ್ಟೆ. ಎರಡು ಸಲ ಓದಿದರು. ಪರೀಕ್ಷಾ ವಿಭಾಗಕ್ಕೆ ಟ್ರಂಕ್ ಕಾಲ್ ಹಾಕಿಸಿದರು. ತಪ್ಪು ಕಾಲೇಜಿನದೆಂದು ಪತ್ರ ಹೋದರೆ ಹಾಜರಾತಿ ತಿದ್ದುತ್ತಾರಂತೆ, ನೀನು ಅಕ್ಟೋಬರ್ ಪರೀಕ್ಷೆಗೆ ಕೂರಬಹುದಂತೆ. ಪ್ರಾಂಶುಪಾಲರು ಪತ್ರಕ್ಕೆ ಸಹಿ ಹಾಕಿದರು. ಪೆನ್ನು ಮುಚ್ಚುತ್ತಾ, "ಇದನ್ನ ಬರ್ಕೊಟ್ಟ ಮೇಲೆ ಐದಲ್ಲ, ಹತ್ತು ಹೆಸ್ರು ತಂದ್ರೂ ನಿಮ್ಮ ಆರ್ಡರ್ ಬರಿಯಾಕೆ ನನ್ ಕೈಲಿ ಆಗಲ್ಲ ಮೇಡಂ. ಗೊತ್ತಿದ್ದೇ ಬರ್ದಿರಿ ತಾನೆ?" ಎಂದು ಕೇಳಿದರು. ಗೊತ್ತಿದೆ ಎಂದೆ.

ಮೇಲೆ ಎರಡು ಅರ್ಜಿ ಎಂದು ಬರೆದಿದ್ದೇನೆ. ಅವೆರಡನ್ನೂ ತೆಗೆದಿದ್ದೇನೆ. ಈಗ ಲಕೋಟೆಯಲ್ಲಿರುವುದು ಪರೀಕ್ಷೆಯ ಅರ್ಜಿ ಒಂದೇ. ಪರೀಕ್ಷೆಗೆ ಮಾತ್ರ ಕೂರುವವಳು ಕಾಲೇಜಿನ ವಿದ್ಯಾರ್ಥಿನಿಯಲ್ಲ, ಆದ್ದರಿಂದ ತಂಡದಲ್ಲಿ ಆಡುವಂತಿಲ್ಲ. ತಂಡದ ಬಗ್ಗೆ ನೀನು ಯೋಚಿಸಬೇಕಾದ್ದು ಏನೂ ಉಳಿದಿಲ್ಲ.

ಜುಂಜಣ್ಣನವರೇ, ಇಲ್ಲಿಯವರೆಗೆ ಓದಿದ್ದರೆ ಒಂದು ಮಾತು. ನಿಮ್ಮ ಹೆಂಡತಿ ಮಾತು ತಪ್ಪಲಿಲ್ಲ. ಪರೀಕ್ಷೆಯಿಂದ ಅವಳನ್ನು ತಪ್ಪಿಸಿದವಳು ನಾನು. ನೀವು ಆಡಿದ ಮಾತು ಇನ್ನೂ ಹಾಗೇ ಇದೆಯೋ ಇಲ್ಲವೋ, ಅದನ್ನು ಕೇಳುವ ಅಧಿಕಾರ ನನಗಿಲ್ಲ. ಅವಳಿಗಿದೆ.

ಈ ದಿನ ಬೆಳಿಗ್ಗೆಯೂ ನಾಲ್ವರು ಬಂದಿದ್ದರು. ಪಾಪಣ್ಣ ಗೆರೆ ಎಳೆದಿದ್ದ. ತಂಡ ಇಲ್ಲವೆಂದು ಹೇಳಿದೆ. ದ್ಯಾಮಮ್ಮ ಚೆಂಡು ತೆಗೆದುಕೊಂಡು ಕಣಕ್ಕಿಳಿದಳು. ಮೊದಲ ಸಲ ಯಾರ ಬೆನ್ನಿಗೂ ತಟ್ಟದೆ ಬೋರ್ಡಿನ ತನಕ ಹೋದಳು. ಚೆಂಡು ರಿಂಗಿಗೆ ಬೀಳಲಿಲ್ಲ.

ಪರೀಕ್ಷೆ ಅಕ್ಟೋಬರ್ ಮೊದಲ ವಾರ, ಹಿರಿಯೂರಿನಲ್ಲೇ. ಹಿರಿಯೂರಿನವರೆಗೂ ಒಬ್ಬಳೇ ಬರಬೇಡ. ದುರ್ಗದ ಬಸ್ ಸ್ಟ್ಯಾಂಡಿಗೆ ನಾನು ಬಂದಿರುತ್ತೇನೆ. ಪ್ರತಿ ವರ್ಷ ವಲಯ ಪಂದ್ಯಗಳು ನಡೆಯುವುದೂ ಅದೇ ವಾರ. ಈ ಸಲ ನನಗೆ ಬಿಡುವಿರುತ್ತದೆ.

ವೀ.