ಹೊಳೆಬದಿಯ ಬುತ್ತಿ

21 ಜನವರಿ 1962, ಭಾನುವಾರ. ವೇಣೂರು.

ಹೊಟ್ಟೆ ಉರಿಯುತ್ತಿದೆ, ಹಸಿವಿನಿಂದಲೂ ಸಿಟ್ಟಿನಿಂದಲೂ.

ಮೂವತ್ತೊಂದು ವರ್ಷ ಕಾದಿದ್ದೆ. ಹೊಸ ಅಳಿಯನಾಗಿ ಈ ಮನೆಗೆ ಬಂದ ದಿನ ಹೆಂಡತಿಯ ತಮ್ಮ ಧರಣೇಂದ್ರ ಹೊಳೆ ತೋರಿಸುತ್ತೇನೆಂದು ಕರೆದೊಯ್ದು, ಬೇಕೆಂದೇ ಸುತ್ತಿಸಿ, ಹೊತ್ತು ಕಂತಿದ ಮೇಲೆ ತಂದು ಬಿಟ್ಟಿದ್ದ. ಕತ್ತಲಾದ ಮೇಲೆ ಜೈನರಿಗೆ ಊಟ ಎಲ್ಲಿಯದು? "ಅಯ್ಯೋ ಭಾವ, ಇನ್ನು ನಾಳೆಯೇ" ಎಂದ. ಅಡುಗೆಮನೆಯ ಬಾಗಿಲ ಹಿಂದೆ ಯಾವುದೋ ಹೆಣ್ಣು ಕಿಸಕ್ಕನೆ ನಕ್ಕದ್ದು ಇಂದಿಗೂ ಕಿವಿಯಲ್ಲಿದೆ.

ನಿವೃತ್ತನಾದ ಮೇಲೆ ಹಳೆಯ ಕಾರು ಕೊಂಡದ್ದು ನೆಂಟರ ಮನೆ ಸುತ್ತುವುದಕ್ಕೆಂದು ಹೆಂಡತಿ ಅನಂತಮತಿಗೆ ಹೇಳಿದ್ದೆ. ಮೂಡಬಿದಿರೆಯಿಂದ ಹೊರಟು, ಬಂಟ್ವಾಳದಲ್ಲಿ ಮಗಳನ್ನು ನೋಡಿ, ಇಂದು ಮಧ್ಯಾಹ್ನ ಇಲ್ಲಿಗೆ ಬಂದೆವು. "ಸಂಜೆಯ ಊಟ ಹೊಳೆಬದಿಯಲ್ಲೇ ಮಾಡುವ" ಎಂದು ನಾನೇ ಅಕ್ಕ ತಮ್ಮ ಇಬ್ಬರನ್ನೂ ಬುತ್ತಿಯ ಸಮೇತ ಕರೆದೊಯ್ದೆ.

"ಮಿಂಚುಳ್ಳಿ ಉಂಟಾ ನೋಡಿ ಬರ್ತೇನೆ. ನಾನು ಬಾರದೆ ಬುತ್ತಿ ಬಿಚ್ಚಬೇಡಿ" ಎಂದು ದಂಡೆಗುಂಟ ನಡೆದು ಬಂಡೆಯೊಂದರ ಮರೆಯಲ್ಲಿ ಕೂತೆ. ನನ್ನ ಊಟವೂ ಹೋಗುತ್ತದೆ, ಹೋಗಲಿ. ಸೂರ್ಯ ಪೂರಾ ಮುಳುಗಿದ ಮೇಲೆಯೇ ಎದ್ದು ಬಂದೆ.

"ಅಯ್ಯೋ ಭಾವ, ಇನ್ನು ನಾಳೆಯೇ!" ಎಂದೆ.

ಧರಣೇಂದ್ರ ಉಂಡ ಎಲೆ ಮಡಚುತ್ತಿದ್ದ. "ನಮ್ಮದಾಯ್ತು ಭಾವ. ನೀವು ಕತ್ತಲಾಗದೆ ಬರುವುದಿಲ್ಲ, ಉಣ್ಣುವ ಅಂತ ಅಕ್ಕನೇ ಹೇಳಿದ್ದು."

ಅನಂತಮತಿ ಸೆರಗನ್ನು ಬಾಯಿಗೊತ್ತಿ ಕಿಸಕ್ಕನೆ ನಕ್ಕಳು.

ಅದೇ ನಗು. ಮೂವತ್ತೊಂದು ವರ್ಷ ನನ್ನ ಮನೆಯಲ್ಲೇ ಇತ್ತು.

ಇರಲಿ. ನಾಳೆ ಬೆಳ್ತಂಗಡಿಯ ನೆಂಟರ ಮನೆಗೆ ಕಾರು ಬಿಡುವವನು ನಾನು; ಹೊತ್ತು ಕಂತುವ ಮೊದಲು ಮುಟ್ಟಿದರೆ ಕೇಳಿ.